ಜೊತೆಗೆ ಬಂದ ಸೀಸೆ

ಶುಕ್ರವಾರ ರಕ್ತ ಕಳಿಸಬೇಡಿ ಅಂತ
ಎಷ್ಟು ಸಲ ಹೇಳಿದರೂ ಬರುವುದು ಶುಕ್ರವಾರವೇ.
ಶೆಫೀಲ್ಡಿನ ಏರಿನ ಮೇಲಿನ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಟ್ರಾಮು ಕಿರುಗುಟ್ಟುತ್ತ ಇಳಿಯುತ್ತಿದೆ.
ಲೆಸ್ಟರಿನಿಂದ ಬಂದ ಪೆಟ್ಟಿಗೆ ಮೇಜಿಗಿಟ್ಟು
"ನಿನಗೇ, ಲವ್" ಅಂದು ಡೆಸ್
ಶಿಳ್ಳೆ ಹಾಕುತ್ತ ಹೋದ.

ಒಳಗೆ ಎರಡು ಸೀಸೆ, ಹಸಿರು ಮುಚ್ಚಳ.
ಒಂದರ ಮೇಲೆ ಹೆಸರು: ಇದಿಲ್ ವಾರ್ಸಾಮೆ, ನಾಲ್ಕು ವರ್ಷ.
ಓಡುತ್ತಿದ್ದವಳು ಈಗ ಗೋಡೆ ಹಿಡಿಯುತ್ತಾಳೆ.
ಇನ್ನೊಂದರ ಮೇಲೆ ಹೆಸರಿಲ್ಲ.
ಕಂಟ್ರೋಲ್, ಅಷ್ಟೆ. ಗಂಡು, ಐದು.
ಅದೇ ಚಳಿ, ಅದೇ ವ್ಯಾನು, ಅದೇ ಕುಲುಕಾಟ
ತಿಂದು ಬರಲೆಂದು ಜೊತೆಮಾಡಿ ಕಳಿಸಿದ ಗಟ್ಟಿಮುಟ್ಟು ರಕ್ತ.
ದಾರಿಯಲ್ಲಿ ಕೆಟ್ಟರೆ ಎರಡೂ ಕೆಡುತ್ತವೆ,
ಆಗ ಮಗುವನ್ನು ದೂರುವಂತಿಲ್ಲ.

ನಿಧಾನದ ಕೆಲಸ.
ಕೆಂಪು ತಳಕ್ಕೆ ಕೂರುವ ತನಕ ಕಾಯಬೇಕು,
ಅಕ್ಕಿ ತೊಳೆದ ನೀರು ತಿಳಿಯಾಗುವ ಹಾಗೆ, ಮುಕ್ಕಾಲು ಗಂಟೆ.
ಉಳಿದ ಕೆಂಪಿಗೆ ಬರಿನೀರು ಕುಡಿಸಿ ಒಡೆಯಬೇಕು
ಹತ್ತು ಎಣಿಸುವಷ್ಟರಲ್ಲಿ.
ತಡವಾದರೆ ಬಿಳಿಯೂ ಒಡೆಯುತ್ತದೆ.
ಕೊನೆಗೆ ಉಳಿಯುವುದು
ಉಗುರಿನ ತುದಿಯ ಬೆಣ್ಣೆಯಷ್ಟು ಬಿಳುಪು.
ಕಿಣ್ವ ಇರುವುದು ಅದರಲ್ಲಿ,
ದಿನದ ಕಸ ದಿನವೇ ಗುಡಿಸುವ ಆಳು.
ಆಳು ಬಾರದ ಮನೆಯಲ್ಲಿ ಕಸ ಮೊದಲು ಮೂಲೆಗೆ,
ಆಮೇಲೆ ನಡುಮನೆಗೆ, ಆಮೇಲೆ
ನಡೆ ಎಂಬ ಮಾತು ಕಾಲಿಗೆ ತಲುಪುವ ದಾರಿಗೇ ಅಡ್ಡ.

ಕ್ಷಾರ ಬಿಟ್ಟಾಗ
ಅರಿಶಿನಕ್ಕೆ ಸುಣ್ಣ ಬಿದ್ದಂತೆ ಕೆಂಪೇರುತ್ತದೆ.
ಎಷ್ಟು ಓಕುಳಿಯೋ ಅಷ್ಟು ಕಿಣ್ವ.

ಸಾಮಾನ್ಯ ಮಿತಿ: ಅರವತ್ತರಿಂದ ನೂರಾ ಎಂಬತ್ತು.
ಒಂದಕ್ಕೆ ಮೂರು ಪಟ್ಟು!
ಅಕ್ಕಿ ಅಂಗಡಿಯವನು ಹೀಗೆ ಅಳೆದಿದ್ದರೆ
ಊರು ಬಿಡಿಸುತ್ತಿದ್ದರು.
ಮಿತಿ ಕಟ್ಟಿದವಳು ನಾನೇ, ಹನ್ನೊಂದು ವರ್ಷದ ಕೆಳಗೆ.
ಏನೂ ಆಗದ ಮಕ್ಕಳು ಇಲ್ಲಿಗೇಕೆ ಬರುತ್ತಾರೆ?
ಟಾನ್ಸಿಲ್ ತೆಗೆಸಿಕೊಂಡವರು, ಜಾರುಬಂಡೆಯಿಂದ ಬಿದ್ದವನು,
ಅಜ್ಜಿಯ ಕೋಟಿನ ಗುಂಡಿ ನುಂಗಿದವಳು,
ಅವರವರ ಪರೀಕ್ಷೆ ಮುಗಿದು ಮಿಕ್ಕ ಅಷ್ಟಿಷ್ಟು ರಕ್ತ,
ಎಪ್ಪತ್ತೆರಡು ಮಕ್ಕಳದು.
ವಯಸ್ಸಿಗೆ ತಕ್ಕ ಸಾಲು ಮೂಡೀತೆಂದು ಗ್ರಾಫ್ ಎಳೆದೆ.
ಚೆಲ್ಲಿದ ಸಾಸಿವೆ.
ಅದರಲ್ಲೊಂದು ಅವಳಿ ಜೋಡಿ ಕೂಡ
ಒಂದು ಹಾಳೆಯ ಆ ತುದಿ, ಒಂದು ಈ ತುದಿ.

ಇದಿಲ್: ನೂರಾ ಹನ್ನೆರಡು.
ಗೋಡೆ ಹಿಡಿಯುವುದಕ್ಕೆ ಕಾರಣ ಇದಲ್ಲ.
ಉತ್ತರ ಸಿಗಲಿಲ್ಲ, ಒಂದು ಬಾಗಿಲು ಮುಚ್ಚಿತು, ಅಷ್ಟೆ.

ಜೊತೆಗೆ ಬಂದವನು: ಒಂಬತ್ತು.

ಮತ್ತೆ ಮಾಡಿದೆ. ಒಂಬತ್ತೂವರೆ.
ಅದೇ ಬಿಳುಪಿನಲ್ಲಿ ಬೇರೊಂದು ಕಿಣ್ವ ಅಳೆದೆ, ಚೆನ್ನಾಗಿಯೇ ಇದೆ.
ವ್ಯಾನಿನ ತಪ್ಪಲ್ಲ. ಚಳಿಯ ತಪ್ಪಲ್ಲ.
ನನ್ನ ಕೈತಪ್ಪಾಗಿರಲಿ ಅಂತ
ಮೂರನೇ ಸಲವೂ ಮಾಡಿದೆ.

ಒಂಬತ್ತಿಟ್ಟುಕೊಂಡೇ ಮೊಮ್ಮಕ್ಕಳನ್ನು ಕಂಡವರುಂಟು.
ಗುಡಿಸುವವನೊಬ್ಬ, ಕೈ ನಿಧಾನ, ಆದರೂ ಸಂಜೆಗೆ ಮನೆ ಚೊಕ್ಕಟ.
ಅದೇ ಒಂಬತ್ತಿನಲ್ಲಿ ಆರಕ್ಕೆ ಮೆಟ್ಟಿಲು ಮರೆತವರೂ ಉಂಟು.
ಯಾರು ಯಾರೆಂದು ಅಂಕಿ ಹೇಳುವುದಿಲ್ಲ.
ಮೂತ್ರ ನೋಡಿದರೆ ತಿಳಿದೀತು.
ಯಾರ ಮೂತ್ರ ಕೇಳಲಿ?

"ಹೆಸರಿಲ್ಲದವನಿಗೆ ವರದಿಯಿಲ್ಲ," ಅಂದಳು ಗ್ವೆನ್ನೆತ್,
ನನ್ನ ಮೇಲಿನವಳು, ಕೆಟ್ಟವಳಲ್ಲ.
"ಅವರಮ್ಮ ಒಪ್ಪಿದ್ದು ಸಹಾಯಕ್ಕೆ, ಪರೀಕ್ಷೆಗಲ್ಲ."
ಅದೂ ಸರಿ.
ಚಹಾ ಮಾಡಿ ಕೊಟ್ಟಳು. ಇಬ್ಬರೂ ಕುಡಿಯಲಿಲ್ಲ.

ಪಕ್ಕದ ಮನೆಯವನಿರಬೇಕು, ಅಥವಾ ಚಿಕ್ಕಮ್ಮನ ಮಗ.
ಇದಿಲ್ ಅಳಬಾರದೆಂದು ತಾನೇ ಮೊದಲು
ತೋಳು ಚಾಚಿದ್ದಾನು.
ಡೈನೊಸಾರಿನ ಚೀಟಿ ಅಂಟಿಸಿ ಕಳಿಸಿದ್ದಾರು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಲೆಸ್ಟರಿಗೆ ಫೋನು.
ಇದಿಲ್‌ಳದು ಮೊದಲು ಓದಿದೆ. ಬರೆದುಕೊಂಡರು.
"ಅವಳ ಜೊತೆ ಒಬ್ಬ ಹುಡುಗ ಬಂದಿದ್ದನಲ್ಲ," ಅಂದೆ,
"ಐದು ವರ್ಷದವನು?"

"ಯಾವ ಹುಡುಗ?" ಅಂದಳು ನರ್ಸ್.
ಆಮೇಲೆ, "ತಡೀರಿ."
ಪುಟ ಮಗುಚುವ ಸದ್ದು.